ಡ್ಯಾಂಪರಿಗೆ ಹಾಕಿದ ಎಣ್ಣೆ

ಡಾಕ್ಟರ ಕಾರು ಕೆಟ್ಟು ನಿಂತಿರಲಿಲ್ಲ. ಕೆಟ್ಟು ನಿಂತ ಗಾಡಿಯ ಕೆಲಸ ಸಲೀಸು, ಎಲ್ಲಿ ಮುರಿದಿದೆಯೋ ಅಲ್ಲಿ ಕೈ ಹಾಕಿದರಾಯಿತು. ಇದು ಓಡುತ್ತಿತ್ತು, ಆದರೆ ಒಲ್ಲದ ಮನಸ್ಸಿನಿಂದ. ನಿಂತಲ್ಲಿ ಎಂಜಿನ್ ಕುಂಟುತ್ತಿತ್ತು, ಏರು ಬಂದರೆ ಕೆಮ್ಮುತ್ತಿತ್ತು, ಇಳಿಜಾರಿನಲ್ಲಿ ಕಾಲು ತೆಗೆದರೆ ಸೈಲೆನ್ಸರಿನೊಳಗೆ ಪಟಾಕಿ ಹೊಡೆಯುತ್ತಿತ್ತು. ಹಳೆಯ ಇಂಗ್ಲಿಷ್ ಕಾರು. ನಿವೃತ್ತರಾಗಿ ಊರು ಬಿಡುತ್ತಿದ್ದ ಅರಣ್ಯ ಇಲಾಖೆಯ ಸಾಹೇಬರೊಬ್ಬರಿಂದ ಡಾಕ್ಟರು ಅದನ್ನು ಕೊಂಡಿದ್ದರು. ನಾವೆಲ್ಲ ಮುಂಬಯಿ ರಾಜ್ಯದವರಾಗಿದ್ದವರು ಮೈಸೂರು ರಾಜ್ಯದವರಾಗಿ ಮೂರ್ನಾಲ್ಕು ವರ್ಷ ಕಳೆದಿತ್ತು, ಕಾರಿನ ನಂಬರು ಮಾತ್ರ ಇನ್ನೂ ಮುಂಬಯಿಯದೇ.

ನಾನು ಯಲ್ಲಾಪುರದಲ್ಲಿ ಲಾರಿ ಗ್ಯಾರೇಜಿನಲ್ಲಿದ್ದೆ. ಕಾಡಿನ ಮರದ ನಾಟಾ ಹೇರುವ ಲಾರಿಗಳಿಗೆ ಒಂದೇ ಕಾರ್ಬುರೇಟರ್. ಡಾಕ್ಟರ ಕಾರಿಗೆ ಎರಡು, ಅಕ್ಕಪಕ್ಕ ಕೂತ ಎರಡು ಗುಮ್ಮಟಗಳಂತೆ. ಇಂಥದ್ದನ್ನು ಬಿಚ್ಚಿ ಕೂಡಿಸಿದವನು ಊರಲ್ಲಿ ನಾನೊಬ್ಬನೇ. ಅದೂ ಕಾರವಾರದಲ್ಲಿ ಉಸ್ತಾದರ ಕೈಕೆಳಗೆ ಕಲಿಯುತ್ತಿದ್ದಾಗ. ಈ ವಿದ್ಯೆಯ ಬಗ್ಗೆ ನನಗೆ ಜಂಬ ಇತ್ತು, ಅದನ್ನೇನೂ ಮುಚ್ಚಿಡುವುದಿಲ್ಲ.

ಡಾಕ್ಟರು ಗ್ಯಾರೇಜಿನ ಯಜಮಾನರಲ್ಲಿ ಕೇಳಿ ನನ್ನನ್ನು ಒಂದು ವಾರದ ಮಟ್ಟಿಗೆ ತಮ್ಮ ಮನೆಗೆ ಕರೆಸಿಕೊಂಡರು. ನವೆಂಬರಿನ ಮೊದಲ ವಾರ. ಮನೆಯ ಹಿಂದೆ ಮೂರು ಕಡೆ ಗೋಡೆಯಿಲ್ಲದ ತಗಡಿನ ಮಾಡು, ಅದರ ಕೆಳಗೆ ಕಾರು. ಅವಸರ ಯಾಕೆಂದು ಅವರೇ ಹೇಳಿದರು. ಅವರ ದವಾಖಾನೆಯ ಕಂಪೌಂಡರರ ಹೆಂಡತಿಗೆ ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಹಿಂದಿನ ಎರಡು ಹೆರಿಗೆಯಲ್ಲೂ ಕೂಸು ಉಳಿದಿರಲಿಲ್ಲ. ಸೊಂಟದ ಎಲುಬು ಕಿರಿದು, ಈ ಸಲ ಹೊಟ್ಟೆ ಕೊಯ್ದೇ ತೆಗೆಯಬೇಕು, ಅದು ಹುಬ್ಬಳ್ಳಿಯಲ್ಲೇ ಆಗಬೇಕು ಎಂದು ಡಾಕ್ಟರು ತೀರ್ಮಾನಿಸಿದ್ದರು. ದಿನ ತುಂಬುವುದು ಜನವರಿಗೆ. ಹದಿನೈದು ದಿನ ಮೊದಲೇ ಆಕೆಯನ್ನು ಹುಬ್ಬಳ್ಳಿಯ ನೆಂಟರ ಮನೆಗೆ ಕಳಿಸುವುದು, ಅಷ್ಟರೊಳಗೆ ನೋವು ಬಂದರೆ ಕಾರು ತಯಾರಿರಬೇಕು. ಊರಿನಲ್ಲಿ ಬಾಡಿಗೆ ಕಾರು ಒಂದಿತ್ತು, ಅದನ್ನು ನಂಬಿ ಯಾರೂ ಮದುವೆಗೂ ಹೋಗುತ್ತಿರಲಿಲ್ಲ.

ಕಾರ್ಬುರೇಟರಿಗೆ ಕೈ ಹಚ್ಚುವ ಮೊದಲು ಉಳಿದದ್ದೆಲ್ಲ ಸರಿ ಇರಬೇಕು ಎಂಬುದು ಉಸ್ತಾದರ ಕಟ್ಟಪ್ಪಣೆ. ಮೊದಲ ದಿನ ವಾಲ್ವುಗಳ ಸಂದು ಅಳೆದು ಸರಿ ಮಾಡಿದೆ. ಕಿಡಿ ಹೊತ್ತಿಸುವ ಪಾಯಿಂಟ್ ಉಜ್ಜಿದೆ, ಪ್ಲಗ್ ತೊಳೆದೆ. ಎರಡನೆಯ ದಿನ ಗುಮ್ಮಟದಂಥ ಮುಚ್ಚಳಗಳನ್ನು ಎತ್ತಿ ಒಳಗಿನ ಪಿಸ್ಟನ್ನುಗಳನ್ನು ಹೊರಗೆ ತೆಗೆದೆ. ಇವು ಎಂಜಿನ್ನಿನ ಪಿಸ್ಟನ್ ಅಲ್ಲ. ಗಾಳಿ ಎಳೆದಷ್ಟೂ ಇವು ಮೇಲೇಳುತ್ತವೆ, ಬುಡದಲ್ಲಿರುವ ಸೂಜಿ ಜೆಟ್ಟಿನ ತೂತಿನಿಂದ ಅಷ್ಟಷ್ಟೇ ಮೇಲೆದ್ದು ಪೆಟ್ರೋಲು ಬಿಡುತ್ತದೆ. ಬೆರಳಿನಿಂದ ಎತ್ತಿ ಬಿಟ್ಟರೆ ಪಿಸ್ಟನ್ ಎಲ್ಲೂ ತಡೆಯದೆ ಇಳಿದು ಕೆಳಗೆ ಟಕ್ ಎನ್ನಬೇಕು. ಮುಂದಿನದು ಅಂದಿತು. ಹಿಂದಿನದು ಅರ್ಧದಲ್ಲೇ ಹಿಡಿದುಕೊಂಡಿತು.

ಪೆಟ್ರೋಲಿನಲ್ಲಿ ತೊಳೆದೆ, ಒರೆಸಿದೆ, ಜೆಟ್ಟಿನ ನಟ್ಟು ಸಡಿಲ ಮಾಡಿ ಸೂಜಿಯನ್ನು ನಡುವಿಗೆ ತಂದು ಮತ್ತೆ ಬಿಗಿದೆ. ಮತ್ತೆ ಅಲ್ಲೇ ಹಿಡಿಯಿತು. ಇಡೀ ಮಧ್ಯಾಹ್ನ ಅದರ ಮೇಲೆ ಹೋಯಿತು. ಕೊನೆಗೆ ಹೊಳೆಯಿತು, ಹಿಂದೆ ಯಾವನೋ ಬಿಚ್ಚಿದವನು ಎರಡರ ಪಿಸ್ಟನ್ನುಗಳನ್ನು ಅದಲು ಬದಲು ಹಾಕಿದ್ದ. ಒಂದು ಮುಚ್ಚಳಕ್ಕೆ ಒಂದೇ ಪಿಸ್ಟನ್ ಜೋಡಿ, ಕಾರ್ಖಾನೆಯಲ್ಲೇ ಉಜ್ಜಿ ಕೂಡಿಸಿದ್ದು. ಬದಲಿಸಿ ಇಟ್ಟೆ, ಎರಡೂ ಟಕ್ ಎಂದವು. ಆ ಅಜ್ಞಾತ ಮಿಸ್ತ್ರಿಯನ್ನು ಮನಸಾರೆ ಬೈದೆ. ಇಂಥವನ ಕೈಗೆ ಗಾಡಿ ಕೊಟ್ಟರೆ ಮತ್ತೇನಾಗುತ್ತದೆ ಎಂದು ಡಾಕ್ಟರ ಎದುರು ದೊಡ್ಡ ಭಾಷಣವನ್ನೇ ಮಾಡಿದೆ.

ಮೂರನೆಯ ದಿನ ಇನ್ನೊಂದು ತೊಂದರೆ. ಮುಂದಿನ ಕಾರ್ಬುರೇಟರಿನ ಎಕ್ಸಲೇಟರ್ ಒತ್ತಿದರೆ ತಿರುಗುವ ಕಡ್ಡಿ ಸವೆದು ಲೊಡಲೊಡ ಅನ್ನುತ್ತಿತ್ತು. ಆ ಸಂದಿನಿಂದ ಗಾಳಿ ಒಳಹೊಕ್ಕರೆ ಎಷ್ಟು ತಿದ್ದಿದರೂ ವ್ಯರ್ಥ. ಬಸ್ಸು ಹಿಡಿದು ಶಿರಸಿಗೆ ಹೋಗಿ, ಅಲ್ಲಿನ ಲೇತ್‌ನಲ್ಲಿ ಎದುರಿಗೆ ಕೂತು ಕಡ್ಡಿಯ ಸುತ್ತ ಬಿಗಿಯಾಗಿ ಕೂರುವ ಹಿತ್ತಾಳೆಯ ಎರಡು ಬುಶ್ ಮಾಡಿಸಿಕೊಂಡು ಸಂಜೆ ಮರಳಿದೆ. ಕೂಡಿಸುವುದಕ್ಕೆ ನಾಲ್ಕನೆಯ ದಿನ ಪೂರ್ತಿ ಬೇಕಾಯಿತು.

ಐದನೆಯ ದಿನ ಎರಡನ್ನೂ ಒಂದು ಸಮಕ್ಕೆ ತರುವ ಕೆಲಸ. ಎರಡು ಎತ್ತು ಕಟ್ಟಿದ ಗಾಡಿಯಲ್ಲಿ ಒಂದು ಎಳೆದು ಇನ್ನೊಂದು ಎಳೆಯದಿದ್ದರೆ ಹೇಗೋ ಹಾಗೆ, ಇವೆರಡೂ ಸಮನಾಗಿ ಗಾಳಿ ಎಳೆಯದಿದ್ದರೆ ಎಂಜಿನ್ ಕುಂಟುತ್ತದೆ. ನಡುವಿನ ಕೊಂಡಿಯನ್ನು ಸಡಿಲಿಸಿ ಎರಡನ್ನೂ ಬೇರೆ ಮಾಡಬೇಕು. ಎರಡರ ಸ್ಕ್ರೂಗಳನ್ನೂ ಪೂರ್ತಿ ಬಿಟ್ಟು, ಆಮೇಲೆ ತಲಾ ಒಂದೂವರೆ ಸುತ್ತು ತಿರುಗಿಸಿ ಎಂಜಿನ್ ಚಾಲೂ ಮಾಡಬೇಕು. ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದರೆ ಗಾಳಿ ಎಳೆಯುವ ಸುಂಯ್ ಸದ್ದು ಕೇಳುತ್ತದೆ. ಎರಡೂ ಬಾಯಿಯ ಸದ್ದು ಒಂದೇ ಆಗುವವರೆಗೆ ಸ್ಕ್ರೂ ತಿದ್ದಬೇಕು. ನನ್ನಲ್ಲಿ ನಳಿಕೆ ಇರಲಿಲ್ಲ. ಕಂಪೌಂಡರರು ದವಾಖಾನೆಯಿಂದ ಎನಿಮಾ ಡಬ್ಬಿಯ ನಳಿಕೆ ತಂದುಕೊಟ್ಟು, ಕುದಿಸಿ ತೊಳೆದದ್ದು, ಅಂಜಬ್ಯಾಡ್ರಿ ಎಂದು ನಕ್ಕರು.

ಬನವಾಸಿ ಕಡೆಯ ರೈತರ ಮನೆಯವರು ಅವರು. ದಿನಾ ಊಟದ ಬಿಡುವಿನಲ್ಲಿ ಬಂದು ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೂ ಕೇಳಿ ತಿಳಿದುಕೊಳ್ಳುತ್ತಿದ್ದರು. ಗಾಡಿಯ ಮೇಲಿನ ಆಸಕ್ತಿಯಲ್ಲ ಅದು. ಹೆಂಡತಿಯನ್ನು ಹೊತ್ತೊಯ್ಯುವ ಗಾಡಿಯನ್ನು ತಾನೂ ಒಮ್ಮೆ ನೋಡಿರಬೇಕು ಎಂಬ ಆತಂಕ. ಐದನೆಯ ದಿನ ಅವರಿಗೂ ನಳಿಕೆ ಕೊಟ್ಟು ಕೇಳಿಸಿದೆ. ಎರಡೂ ಬಾಯಿಗೆ ನಾಲ್ಕೈದು ಸಲ ಹಿಡಿದು ನೋಡಿ, "ಎರಡೂ ಒಂದ ಸ್ವರ ಹಿಡಿದಾವ್ರಿ ಮಿಸ್ತ್ರಿ" ಅಂದರು. ಅವರ ಮುಖ ಅರಳಿತ್ತು. ನನಗೂ ಖುಷಿಯಾಯಿತು.

ಕೊಂಡಿ ಬಿಗಿದೆ. ಸಣ್ಣ ಸ್ಕ್ರೂಡ್ರೈವರಿನಿಂದ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ, ಎಂಜಿನ್ ಜೋರಾದರೆ ಪೆಟ್ರೋಲು ಜಾಸ್ತಿ, ಸಾಯಹೋದರೆ ಕಡಿಮೆ ಎಂದು ಲೆಕ್ಕ ಹಿಡಿದು ಜೆಟ್ಟಿನ ನಟ್ಟನ್ನು ಒಂದೊಂದೇ ಮೂಲೆ ತಿರುಗಿಸಿ ಕೂಡಿಸಿದೆ. ಕೊನೆಗೆ ಎಂಜಿನ್ ಎಷ್ಟು ಹದವಾಗಿ ತಿರುಗುತ್ತಿತ್ತೆಂದರೆ ಬಾನೆಟ್ಟಿನ ಮೇಲೆ ಇಟ್ಟ ಲೋಟದ ನೀರು ಅಲುಗುತ್ತಿರಲಿಲ್ಲ.

ಉಳಿದದ್ದು ಒಂದೇ ಕೆಲಸ. ಗುಮ್ಮಟದ ನೆತ್ತಿಯಲ್ಲಿ ಹಿತ್ತಾಳೆಯ ಟೊಪ್ಪಿ, ಟೊಪ್ಪಿಗೆ ಅಂಟಿದ ಸಣ್ಣ ಕಡ್ಡಿ. ಅದೇ ಡ್ಯಾಂಪರ್. ಪಿಸ್ಟನ್ನಿನ ನಡುವಿನ ತೂತಿನಲ್ಲಿ ಎಣ್ಣೆಯೊಳಗೆ ಮುಳುಗಿಕೊಂಡು, ಎಕ್ಸಲೇಟರ್ ಒಮ್ಮೆಗೇ ಒತ್ತಿದಾಗ ಪಿಸ್ಟನ್ ಚಂಗನೆ ಹಾರದಂತೆ ಹಿಡಿದುಕೊಳ್ಳುತ್ತದೆ. ತೆಳುವಾದ ಎಣ್ಣೆಯೇ ಬೇಕು. ನನ್ನ ಡಬ್ಬಿಯಲ್ಲಿ ಲಾರಿ ಎಂಜಿನ್ನಿನ ದಪ್ಪ ಎಣ್ಣೆ ಮಾತ್ರ ಇತ್ತು. ಪೇಟೆಗೆ ಹೋಗಿ ಹೊಲಿಗೆ ಯಂತ್ರದ ಎಣ್ಣೆ ತರುವುದಕ್ಕೆ ಹತ್ತು ನಿಮಿಷ ಸಾಕಿತ್ತು. ನಾನು ಹೋಗಲಿಲ್ಲ. ಕಾರವಾರದಲ್ಲಿ ಉಸ್ತಾದರು ಡ್ಯಾಂಪರಿಗೆ ಕೊಬ್ಬರಿ ಎಣ್ಣೆಯನ್ನೇ ಹಾಕುತ್ತಿದ್ದರು. ಇದಕ್ಕಿಂತ ತೆಳುವಾದ, ಶುದ್ಧವಾದ ಎಣ್ಣೆ ಜಗತ್ತಿನಲ್ಲಿಲ್ಲ ಅನ್ನುತ್ತಿದ್ದರು. ಡಾಕ್ಟರ ಮನೆಯವರಿಂದ ಅರ್ಧ ಲೋಟ ಕೊಬ್ಬರಿ ಎಣ್ಣೆ ಕೇಳಿ ತಂದು, ಬಟ್ಟೆಯಲ್ಲಿ ಸೋಸಿ, ಎರಡಕ್ಕೂ ಹುಯ್ದು ಟೊಪ್ಪಿ ತಿರುಗಿಸಿದೆ. ಮಧ್ಯಾಹ್ನದ ಬಿಸಿಲಿಗೆ ಅದು ನೀರಿನ ಹಾಗಿತ್ತು. ನನ್ನ ತಪ್ಪು ಆದದ್ದು ಇಲ್ಲಿ. ಘಟ್ಟದ ಕೆಳಗೆ ಕಾರವಾರದಲ್ಲಿ ವರ್ಷವಿಡೀ ನೀರಾಗಿರುವ ಕೊಬ್ಬರಿ ಎಣ್ಣೆ ಘಟ್ಟದ ಮೇಲೆ ನಮ್ಮಲ್ಲಿ ಚಳಿಗಾಲದಲ್ಲಿ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ. ಅದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಅದು ತಲೆಗೆ ಹಚ್ಚುವ ಎಣ್ಣೆಯ ವಿಷಯವಾಗಿ ಗೊತ್ತಿತ್ತು.

ಒಂದು ತಿಂಗಳು ಕಾರು ಚೆನ್ನಾಗಿ ಓಡಿತು. ಡಾಕ್ಟರು ಹೋದಲ್ಲೆಲ್ಲ ನನ್ನ ಗುಣಗಾನ. ನವೆಂಬರಿನ ಮೋಡ ಕಳೆದು ಡಿಸೆಂಬರಿನ ನಡುವೆ ಒಮ್ಮೆಲೇ ಚಳಿ ಬಿತ್ತು.

ಚಳಿ ಬಿದ್ದ ಮರುದಿನವೇ ಬೆಳಗಿನ ಜಾವ ಕಂಪೌಂಡರರು ನನ್ನ ಕೋಣೆಯ ಬಾಗಿಲು ಬಡಿದರು. ಮೂರು ವಾರ ಮೊದಲೇ ನೋವು ಶುರುವಾಗಿತ್ತು. ಡಾಕ್ಟರು ಹಿಂದಿನ ಸೀಟಿನಲ್ಲಿ ಆಕೆಯ ಜೊತೆ ಇರಬೇಕಾದ್ದರಿಂದ ಗಾಡಿ ನಡೆಸುವುದಕ್ಕೆ ನಾನು. ಚೋಕ್ ಎಳೆದು ಒಮ್ಮೆ ತಿರುಗಿಸಿದ್ದೇ ಎಂಜಿನ್ ಹಿಡಿಯಿತು. ನಿಂತಲ್ಲಿ ಸದ್ದು ಹದವಾಗಿಯೇ ಇತ್ತು. ಐದೂವರೆಗೆ ಹೊರಟೆವು.

ಊರು ದಾಟುವುದರೊಳಗೆ ಕಾರು ಎಳೆಯುತ್ತಿಲ್ಲ ಎಂದು ಗೊತ್ತಾಯಿತು. ಎಕ್ಸಲೇಟರ್ ಒತ್ತಿದರೆ ವೇಗ ಏರುವ ಬದಲು ಗಂಟಲು ಕಟ್ಟಿದ ಹಾಗೆ ಸದ್ದು ಮಾಡುತ್ತಿತ್ತು. ಚಳಿಗೆ ಎಂಜಿನ್ ಬಿಸಿಯಾಗಿಲ್ಲ ಅಂದುಕೊಂಡು ಚೋಕ್ ಇನ್ನಷ್ಟು ಎಳೆದೆ. ಅದು ನನ್ನ ಎರಡನೆಯ ತಪ್ಪು. ಮೊದಲೇ ಗಾಳಿ ಸಿಗದೆ ಒದ್ದಾಡುತ್ತಿದ್ದ ಎಂಜಿನ್ನಿಗೆ ಮತ್ತೂ ಪೆಟ್ರೋಲು ಕುಡಿಸಿದಂತಾಯಿತು. ಹಿಂದೆ ಕರಿ ಹೊಗೆ. ಎರಡನೆಯ ಗೇರಿನಲ್ಲಿ, ಮೊದಲನೆಯ ಗೇರಿನಲ್ಲಿ ತೆವಳಿಸಿಕೊಂಡು ಹುಬ್ಬಳ್ಳಿ ದಾರಿಯ ಕಿರವತ್ತಿ ದಾಟಿಸಿದೆ. ಮುಂದಿನ ಸಣ್ಣ ಏರಿನಲ್ಲಿ ನಾಲ್ಕು ಸಲ ಮುಗ್ಗರಿಸಿ ನಿಂತುಬಿಟ್ಟಿತು. ಎರಡೂ ಬದಿಗೆ ಕಾಡು, ಮಂಜು. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ.

ಪ್ಲಗ್ ಬಿಚ್ಚಿದೆ, ನಾಲ್ಕೂ ಮಸಿ ಹಿಡಿದು ಕಪ್ಪಾಗಿ ಒದ್ದೆಯಾಗಿದ್ದವು. ರಸ್ತೆಯ ಮೇಲೆ ಒಂದಿಷ್ಟು ಪೆಟ್ರೋಲು ಚೆಲ್ಲಿ ಬೆಂಕಿ ಕೊಟ್ಟು ಸುಟ್ಟು ಉಜ್ಜಿ ಹಾಕಿದೆ. ಹಿಡಿಯಿತು, ಎರಡು ಮಾರು ಹೋಗಿ ಮತ್ತೆ ನಿಂತಿತು. ಪಾಯಿಂಟ್ ನೋಡಿದೆ. ಪೆಟ್ರೋಲಿನ ಪಂಪು ಬಿಚ್ಚಿ ನೋಡಿದೆ. ಗುಮ್ಮಟಗಳ ಕಡೆ ನನ್ನ ಕೈ ಹೋಗಲೇ ಇಲ್ಲ. ಅದು ನಾನೇ ಕೂತು ಐದು ದಿನ ಮಾಡಿದ ಕೆಲಸ, ಅಲ್ಲಿ ಕೆಡುಕಿರುವುದು ಸಾಧ್ಯವೇ ಇಲ್ಲ ಎಂದು ನನ್ನ ಜಂಬ ಹೇಳಿತು. ಎರಡು ನಿಮಿಷದಲ್ಲಿ ಆ ಟೊಪ್ಪಿ ತೆಗೆದು ನೋಡಬಹುದಿತ್ತು. ಆ ಎರಡು ನಿಮಿಷವನ್ನು ಇಂದಿಗೂ ಮನಸ್ಸಿನೊಳಗೆ ಬಿಚ್ಚಿ ನೋಡುತ್ತೇನೆ.

ಹಿಂದಿನ ಸೀಟಿನಿಂದ ಆಕೆಯ ನರಳಾಟ ಕೇಳುತ್ತಿತ್ತು. ಯಾಕೆ ನಿಂತಿದೆ ಎಂದು ಒಮ್ಮೆ ಕೇಳಿದಳು. ಮರದ ದಿಮ್ಮಿ ಹೇರಿದ ಲಾರಿಯೊಂದು ಬಂತು. ಅದರ ಮುಂದಿನ ಸೀಟಿನಲ್ಲಿ ಆಕೆಯನ್ನು ಮಲಗಿಸಲು ಆಗುವಂತಿರಲಿಲ್ಲ, ಕೂರುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ಡಾಕ್ಟರು ನೋಡಿ ಬೇಡವೆಂದರು, ಲಾರಿ ಹೋಯಿತು. ಕಂಪೌಂಡರರು ನನ್ನ ಮಗ್ಗುಲಲ್ಲಿ ನಿಂತು ಒಂದೊಂದು ಸ್ಪ್ಯಾನರನ್ನೂ ನಾನು ಕೇಳುವ ಮೊದಲೇ ಕೈಗೆ ಕೊಡುತ್ತಿದ್ದರು. ಒಂದು ಬಿರುಸು ಮಾತಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ಸಲ ಪ್ಲಗ್ ಸುಟ್ಟು ಹಾಕುವ ಹೊತ್ತಿಗೆ ಮರಗಳ ಸಂದಿನಿಂದ ಬಿಸಿಲು ಬಂದು ತೆರೆದ ಬಾನೆಟ್ಟಿನೊಳಗೆ ಬಿದ್ದಿತ್ತು. ಎಂಜಿನ್ ಹಿಡಿಯಿತು. ಒತ್ತಿದೆ, ಎಳೆಯಿತು. ಏನೂ ಆಗಿಯೇ ಇಲ್ಲವೆಂಬಂತೆ ಕಾರು ಏರು ಹತ್ತಿ ಹುಬ್ಬಳ್ಳಿಯವರೆಗೆ ಒಂದೇ ಓಟದಲ್ಲಿ ಹೋಯಿತು. ರಸ್ತೆಯಲ್ಲಿ ನಿಂತದ್ದು ಒಂದು ತಾಸು ಇಪ್ಪತ್ತು ನಿಮಿಷ.

ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಗಂಡು. ಗರ್ಭಕೋಶ ಒಡೆದು ಅದನ್ನೂ ತೆಗೆಯಬೇಕಾಯಿತು. ತಾಯಿ ಉಳಿದಳು. ಒಂದು ತಾಸು ಮೊದಲು ಬಂದಿದ್ದರೆ ಕೂಸೂ ಕೈಗೆ ಹತ್ತುತ್ತಿತ್ತು ಎಂದು ಆಸ್ಪತ್ರೆಯ ದಾದಿ ಡಾಕ್ಟರ ಹತ್ತಿರ ಹೇಳಿದ್ದು ವರಾಂಡದಲ್ಲಿ ನಿಂತಿದ್ದ ನನಗೂ ಕೇಳಿಸಿತು. ಕಂಪೌಂಡರರು ಹೊರಗೆ ಬಂದು ನನ್ನ ಎರಡೂ ಕೈ ಹಿಡಿದರು. ಅವರ ಕೈಗೂ ನನ್ನ ಕೈಯ ಮಸಿ ಹತ್ತಿತು. "ನೀವ್ ಇರ್ಲಿಲ್ಲಂದ್ರ ಆಕೀನೂ ಅಡವ್ಯಾಗ ಹೋಗ್ತಿದ್ಲ್ರಿ ಮಿಸ್ತ್ರಿ" ಅಂದರು.

ಊರಿಗೆ ಬಂದ ಮೇಲೂ ಅದೇ ಮಾತು. ಪ್ಲಗ್ ಕೆಟ್ಟಿತ್ತಂತೆ, ಮಿಸ್ತ್ರಿ ಕಾಡಿನ ನಡುವೆ ಬೆಂಕಿ ಹಾಕಿ ಸರಿಮಾಡಿದನಂತೆ. ಚಹದಂಗಡಿಯಲ್ಲಿ ಕುಳಿತರೆ ಕೇಳದೇ ಚಹಾ ಬರುತ್ತಿತ್ತು. ನಾನೂ ಪ್ಲಗ್ ಎಂದೇ ನಂಬಿದ್ದೆ, ಅಥವಾ ನಂಬಲು ಬಯಸಿದ್ದೆ. ಆದರೆ ಮಸಿ ಹಿಡಿಯುವುದು ಪ್ಲಗ್ಗಿನ ತಪ್ಪಲ್ಲ, ಮಸಿ ಎಲ್ಲಿಂದ ಬಂತೆಂದು ಕೇಳಬೇಕಾದವನು ನಾನು.

ಹತ್ತು ದಿನದಲ್ಲಿ ಡಾಕ್ಟರಿಂದ ಎರಡು ಸಲ ಕರೆ ಬಂತು. ಬೆಳಿಗ್ಗೆ ಹಳ್ಳಿಗೆ ಹೊರಟರೆ ಕಾರು ಎಳೆಯುವುದಿಲ್ಲ. ನಾನು ಗ್ಯಾರೇಜಿನ ಕೆಲಸ ಹಚ್ಚಿಕೊಟ್ಟು ಹತ್ತು ಗಂಟೆಗೆ ಹೋದರೆ ಯಾವ ಕೆಡುಕೂ ಇಲ್ಲ, ಸ್ವರ ಶುದ್ಧ. ಎರಡನೆಯ ಸಲವೂ ಹಾಗೇ ಆಯಿತು. ಬಿಸಿಲಿನಲ್ಲಿ ಇಲ್ಲದ, ಚಳಿಯಲ್ಲಿ ಮಾತ್ರ ಇರುವ ಕೆಡುಕು. ಮಾರನೆಯ ದಿನ ಬೆಳಕು ಹರಿಯುವಾಗಲೇ ಬರುತ್ತೇನೆ, ನಾನು ಬರುವವರೆಗೆ ಯಾರೂ ಕಾರಿನ ಕೀಲಿ ತಿರುಗಿಸಬೇಡಿ ಎಂದು ಡಾಕ್ಟರಿಗೆ ಹೇಳಿದೆ.

ತಗಡಿನ ಮಾಡಿನಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಎಂಜಿನ್ ಚಾಲೂ ಮಾಡದೆ ಗಾಳಿಯ ಬಾಯಿಯಿಂದ ಬೆರಳು ಹಾಕಿ ಪಿಸ್ಟನ್ ಎತ್ತಿ ನೋಡಿದೆ. ಏಳಲಿಲ್ಲ. ಇನ್ನೊಂದೂ ಏಳಲಿಲ್ಲ. ಜೋರಾಗಿ ನೂಕಿದರೆ ಮೊಂಡು ಹಿಡಿದ ಹಾಗೆ ಇಷ್ಟಿಷ್ಟೇ ಮೇಲೆ ಸರಿಯಿತು. ಹಿತ್ತಾಳೆಯ ಟೊಪ್ಪಿ ತಿರುಗಿಸಿ ಡ್ಯಾಂಪರನ್ನು ಎಳೆದೆ. ಕಡ್ಡಿಯ ಸುತ್ತ ಬೆಳ್ಳಗೆ ಮೆತ್ತಿಕೊಂಡು ಬಂತು.

ಅಂದು ಬೆಳಿಗ್ಗೆ ಹೊರಡುವ ಮೊದಲು ನನ್ನ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಕರಗಲೆಂದು ಒಲೆಯ ಪಕ್ಕ ಇಟ್ಟು ಬಂದಿದ್ದೆ. ದಿನಾ ಇಡುತ್ತಿದ್ದೆ. ಮೂರು ವರ್ಷದಿಂದ ಪ್ರತಿ ಚಳಿಗಾಲ. ಮಡ್‌ಗಾರ್ಡಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಕಡ್ಡಿಗೆ ಅಂಟಿದ್ದನ್ನು ಅಂಗೈಗೆ ತೆಗೆದುಕೊಂಡೆ. ನೋಡುತ್ತಿದ್ದಂತೆ ನನ್ನ ಮೈಯ ಬಿಸಿಗೇ ಕರಗಿ ನೀರಾಗಿ ಬೆರಳ ಸಂದಿನಿಂದ ಇಳಿದುಹೋಯಿತು. ಎರಡನ್ನೂ ತೊಳೆದು ಸರಿಯಾದ ಎಣ್ಣೆ ಹಾಕಿದರೆ ಜನ್ಮದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಮೊದಲು ಬಂತು. ಸುಳ್ಳು ಯಾಕೆ ಹೇಳಲಿ, ಅದೇ ಮೊದಲು ಬಂತು.

ಅಷ್ಟರಲ್ಲಿ ಡಾಕ್ಟರು ಹೊರಗೆ ಬಂದರು. ಇನ್ನೊಂದು ಡ್ಯಾಂಪರನ್ನು ಅವರೆದುರಿಗೇ ಎಳೆದು ತೋರಿಸಿ ಎಲ್ಲ ಹೇಳಿದೆ. ಅವರು ಕಡ್ಡಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಸಿಟ್ಟು ಮಾಡಲಿಲ್ಲ.

"ಎಣ್ಣೆ ಹಾಕಿದ್ದು ನೀನು, ಖರೆ. ಅವಳನ್ನ ತಿಂಗಳು ಮೊದಲೇ ಹುಬ್ಬಳ್ಳಿಗೆ ಕಳಿಸ್ದೆ ಇಟ್ಕಂಡದ್ದು ನಾನು. ಇದನ್ನ ಕಂಪೌಂಡರನ ಹತ್ರ ಹೇಳಿ ಎಂತ ಸಿಕ್ತದೆ ನಿಂಗೆ? ನಿನ್ನ ಮನಸ್ಸು ಹಗುರ ಆಗ್ತದೆ. ಅವನಿಗೆ ನೀನೊಬ್ಬ ಸಹಾಯ ಮಾಡಿದೆ ಅಂತಾದ್ರೂ ಉಂಟು, ಅದೂ ಹೋಗ್ತದೆ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಡ್ಯಾಂಪರುಗಳನ್ನು ತೊಳೆದು, ಹೊಲಿಗೆ ಯಂತ್ರದ ಎಣ್ಣೆ ತಂದು ಹುಯ್ದೆ. ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ. ಆ ವಾರದಲ್ಲಿ ಯಾರು ಹೊಗಳಿದರೂ ಮೈ ಉರಿಯುತ್ತಿತ್ತು. ಚಹದಂಗಡಿಗೆ ಹೋಗುವುದನ್ನೇ ಬಿಟ್ಟೆ. ಅಷ್ಟರಲ್ಲಿ ಕಂಪೌಂಡರರ ಹೆಂಡತಿಯನ್ನು ಮನೆಗೆ ಕರೆತಂದರು, ಭಾನುವಾರ ತಮ್ಮಲ್ಲಿ ಊಟಕ್ಕೆ ಬರಲೇಬೇಕೆಂದು ಅವರು ನನಗೆ ಹೇಳಿಕಳಿಸಿದರು. ಆ ಮನೆಯ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುವಂತಿರಲಿಲ್ಲ. ಡಾಕ್ಟರ ಮಾತು ಮೀರಿ ಶನಿವಾರ ಮಧ್ಯಾಹ್ನ ದವಾಖಾನೆಗೆ ಹೋದೆ.

ಅವರು ಔಷಧದ ಬಾಟಲಿಗಳಿಗೆ ಅಳತೆಯ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ನಿಂತುಕೊಂಡೇ ಹೇಳಿದೆ. ಅರ್ಧ ಲೋಟ ಎಣ್ಣೆ ಕೇಳಿದ್ದರಿಂದ ಹಿಡಿದು ಬೆಳ್ಳಗೆ ಮೆತ್ತಿಕೊಂಡು ಬಂದದ್ದರವರೆಗೆ, ಒಂದನ್ನೂ ಬಿಡಲಿಲ್ಲ. ಅವರ ಕೈ ನಡುವೆ ಎಲ್ಲೂ ನಿಲ್ಲಲಿಲ್ಲ. ಗಾಡಿ ನಿಂತದ್ದು ಸರಿಯಾಗಿ ಎಷ್ಟು ಹೊತ್ತು ಎಂದಷ್ಟೇ ಕೇಳಿದರು. ಹೇಳಿದೆ. ಕೊನೆಯ ಬಾಟಲಿಗೂ ಪಟ್ಟಿ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಕೈ ಒರೆಸಿಕೊಂಡರು.

"ಇದನ್ನ ಆಕಿ ಮುಂದ ಹೇಳ್ರಿ" ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ನನ್ನ ಮುಖ ನೋಡದೆ ಮಾತಾಡಿದರು.

"ನಮ್ಮವ್ವ ಬಂದಾಳ. ಮೂರೂ ಕೂಸು ಈಕಿ ಹೊಟ್ಟೀನ ನುಂಗೇತಿ ಅಂತಾಳ. ಈಕೀನೂ ಹೌದಂತ ತಿಳಕೊಂಡಾಳ. ನಾ ಹೇಳಿದ್ರ ಸಮಾಧಾನಕ್ಕ ಹೇಳ್ತಾನಂತ ನಂಬೂದಿಲ್ಲ. ನೀವು ಮಾಡಿದವ್ರು, ನೀವ ಹೇಳ್ರಿ."

ಭಾನುವಾರ ಮಧ್ಯಾಹ್ನ ಡಾಕ್ಟರ ಕಾರಿನ ಒಂದು ಡ್ಯಾಂಪರನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಕೊಂಡು, ಸಣ್ಣ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ತೆಗೆದುಕೊಂಡು ಹೋದೆ. ಆಕೆ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು. ಇಷ್ಟು ಬಿಳಿಚಿಕೊಂಡ ಮುಖವನ್ನು ನಾನು ನೋಡಿರಲಿಲ್ಲ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಹೇಳತೊಡಗಿದೆ, ಪಿಸ್ಟನ್ ಹೇಗೆ ಏಳುತ್ತದೆ, ಎಣ್ಣೆ ಏನು ಮಾಡುತ್ತದೆ, ಗಟ್ಟಿಯಾದರೆ ಏನಾಗುತ್ತದೆ, ಒಳಗೆಳೆಯುವ ಚಳಿಗಾಳಿಯಿಂದಾಗಿ ಎಂಜಿನ್ನಿನ ಬಿಸಿ ಗುಮ್ಮಟಕ್ಕೆ ಯಾಕೆ ತಟ್ಟುವುದಿಲ್ಲ. ಆಕೆ ಬಾಟಲಿ ತೆಗೆದುಕೊಂಡು ಅಲುಗಿಸಿ ನೋಡಿ, ಇದು ನೀರಿನ ಹಾಗೇ ಇದೆಯಲ್ಲ ಅಂದಳು. ಮಧ್ಯಾಹ್ನದ ಹೊತ್ತು, ಇದ್ದೇ ಇತ್ತು. ಹೆಂಗಸರ ಮುಂದೆ ಕಥೆ ಕಟ್ಟಿಕೊಂಡು ಬಂದಿದ್ದಾನೆ ಎಂದು ಅತ್ತೆ ಒಳಗೆ ಹೋದರು. ಊಟದ ಮಾತು ಯಾರೂ ಎತ್ತಲಿಲ್ಲ, ಅಷ್ಟರಮಟ್ಟಿಗೆ ಉಳಿದುಕೊಂಡೆ.

ರಾತ್ರಿಯಿಡೀ ಡ್ಯಾಂಪರನ್ನು ಎಣ್ಣೆಯ ಬಾಟಲಿಯಲ್ಲಿ ಮುಳುಗಿಸಿ ಅವರ ಅಂಗಳದ ಕಟ್ಟೆಯ ಮೇಲೆ ಇಡಬೇಕೆಂದು ಹೇಳಿ ಬಂದೆ. ಮರುದಿನ ನಸುಕಿನಲ್ಲಿ ಹೋದಾಗ ಕಂಪೌಂಡರರು ಬಾಟಲಿಯನ್ನು ಮುಟ್ಟದೆ ಎದುರಿಗೆ ಕಾಯುತ್ತಿದ್ದರು. ಒಳಗೆ ಒಯ್ದು ಆಕೆಯ ಕೈಗೆ ಕೊಟ್ಟೆ. ಆಕೆ ಕಡ್ಡಿಯನ್ನು ಹಿಡಿದು ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ಬಾಟಲಿ ಬುಡಮೇಲು ಮಾಡಿದಳು, ಒಂದು ಹನಿ ಬೀಳಲಿಲ್ಲ. ಬಹಳ ಹೊತ್ತು ಅದನ್ನು ಹಾಗೇ ಬುಡಮೇಲಾಗಿ ಹಿಡಿದುಕೊಂಡಿದ್ದಳು.

"ಹಂಗಾದ್ರ ನನ್ನ ಹೊಟ್ಟೀದಲ್ಲ?"

"ಅಲ್ಲ ಅಕ್ಕ. ತಪ್ಪು ನಂದು."

ಆಕೆ ಅಳಲಿಲ್ಲ, ನನ್ನನ್ನು ಶಪಿಸಲೂ ಇಲ್ಲ. ಅತ್ತೆಯನ್ನು ಅಡುಗೆಮನೆಯಿಂದ ಕರೆದು, ಅವರ ಎದುರಿಗೆ ಇನ್ನೊಮ್ಮೆ ಹೇಳುವಂತೆ ನನಗೆ ಹೇಳಿದಳು. ಹೇಳಿದೆ. ಅತ್ತೆ ಬಾಟಲಿಯನ್ನು ತಿರುಗಿಸಿ ನೋಡಿದರು. ಈ ಸಲ ಕಥೆ ಅನ್ನಲಿಲ್ಲ.

ಆಮೇಲೆ ಇನ್ನೂ ಎರಡು ಸಲ ಹೋಗಬೇಕಾಯಿತು. ಮಾತಾಡಿಸಲು ನೆಂಟರು ಬಂದಾಗಲೆಲ್ಲ ನಸುಕಿನಲ್ಲಿ ಕಂಪೌಂಡರರು ನನ್ನ ಕೋಣೆಗೆ ಬಂದು ಹೊರಗೇ ನಿಂತು "ಬರ್ರಿ" ಅನ್ನುತ್ತಿದ್ದರು. ಅದೊಂದೇ ಮಾತು. ಮಿಸ್ತ್ರಿ ಎಂದು ಅವರು ನನ್ನನ್ನು ಮತ್ತೆ ಕರೆಯಲಿಲ್ಲ. ಅವರು ಕ್ಷಮಿಸಿದರೆಂದು ನಾನು ಅಂದುಕೊಂಡಿಲ್ಲ, ಕೇಳಿದ್ದೂ ಇಲ್ಲ. ದಾರಿಯಲ್ಲಿ ಅವರು ನಾಲ್ಕು ಹೆಜ್ಜೆ ಮುಂದೆ, ನಾನು ಹಿಂದೆ. ಬನವಾಸಿ ಕಡೆಯಿಂದ ಬಂದ ದೊಡ್ಡಪ್ಪನ ಎದುರು ಒಮ್ಮೆ ಹೇಳಿದೆ. ನನ್ನನ್ನು ಹೊಡೆಯಲು ಎದ್ದ ಅವರನ್ನು ಆಕೆಯೇ ತಡೆದು, ಪೂರ್ತಿ ಕೇಳಿ ಎಂದಳು.

ಕೊನೆಯ ಸಲ ಹೋದಾಗ ಆಕೆಯ ತವರಿನ ಹೆಂಗಸರು ಇಬ್ಬರು ಬಂದಿದ್ದರು. ನಾನು ಹೊಸ್ತಿಲ ಬಳಿ ಕೂತು ಡ್ಯಾಂಪರಿಗೆ ಸುತ್ತಿದ ಬಟ್ಟೆ ಬಿಚ್ಚುವಷ್ಟರಲ್ಲಿ ಆಕೆ ಕೈ ಚಾಚಿ ಅದನ್ನು ತೆಗೆದುಕೊಂಡಳು. ತಾನೇ ಹೇಳತೊಡಗಿದಳು. ಎರಡು ಗುಮ್ಮಟ, ಒಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್, ಅದನ್ನು ಹಿಡಿಯುವ ಈ ಕಡ್ಡಿ, ಇದಕ್ಕೆ ಹಾಕಬಾರದ ಎಣ್ಣೆ. ಕಿರವತ್ತಿಯ ಮುಂದಿನ ಏರು. ನಾಲ್ಕು ಪ್ಲಗ್ಗಿನ ಮಸಿ. ಬಿಸಿಲು ಬಂದದ್ದು. ಎಲ್ಲೂ ತಡವರಿಸಲಿಲ್ಲ, ನಾನು ತಿದ್ದಬೇಕಾದ್ದು ಒಂದೂ ಇರಲಿಲ್ಲ.

"ಕೂಸು ಚಲೋ ಇತ್ತು. ಗಾಡಿ ನಿಂತಿತ್ತು" ಎಂದು ಮುಗಿಸಿ, ಆ ಹೆಂಗಸರನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಹೌದಲ್ರಿ?"

ಹೌದು ಅಂದೆ.